ಮರಿಯ ಬಣ್ಣ ನೋಡಿ ಹುಂಜ–ಹೇಂಟೆ ವಿಂಗಡಿಸುವಾಗ ಲೆಕ್ಕ ತಪ್ಪಿದರೆ: ದೋಷ ಪತ್ತೆಯ ಕೈಪಿಡಿ

ಮೊಟ್ಟೆಯೊಡೆದ ದಿನವೇ ಬಣ್ಣ ನೋಡಿ ಹೇಂಟೆ ಯಾವುದು, ಹುಂಜ ಯಾವುದು ಎಂದು ಹೇಳಬಹುದು ಎಂಬ ಮಾತು ನಂಬಿ ಮರಿ ಮಾಡಿಸಿರುತ್ತೀರಿ. ಕಪ್ಪು ಮರಿಗಳೆಲ್ಲ ಹೇಂಟೆ ಎಂದು ಬೇರೆ ಇಟ್ಟು ಸಾಕಿರುತ್ತೀರಿ. ಎರಡೂವರೆ ತಿಂಗಳು ತುಂಬುವಷ್ಟರಲ್ಲಿ ಅವುಗಳಲ್ಲಿ ಅರ್ಧದಷ್ಟಕ್ಕೆ ಜುಟ್ಟು ಕೆಂಪೇರಿ, ಕೂಗುವ ಪ್ರಯತ್ನ ಶುರುವಾಗಿರುತ್ತದೆ. ಅಥವಾ ಎಲ್ಲ ಮರಿಗಳೂ ಒಂದೇ ಬಣ್ಣದವಾಗಿ ಬಂದು ವಿಂಗಡಿಸಲು ಏನೂ ಉಳಿದಿರುವುದಿಲ್ಲ. ಮೊಟ್ಟೆಗೆಂದೇ ಸಾಕುವವರಿಗೆ ಇದು ಸಣ್ಣ ಪೆಟ್ಟಲ್ಲ. ಹೇಂಟೆ ಮೊಟ್ಟೆಗೆ ಬರಲು ಐದಾರು ತಿಂಗಳು ಬೇಕು, ಅಲ್ಲಿಯವರೆಗೆ ಹಾಕುವ ಕಾಳಿಗೆ ಲೆಕ್ಕವಿದೆ. ಹೇಂಟೆ ಮರಿ ಎಂದು ಹೇಳಿ ಸ್ವಸಹಾಯ ಸಂಘದ ಹೆಂಗಸರಿಗೆ ಮಾರಿದ ಮರಿಗಳಲ್ಲಿ ಅರ್ಧ ಹುಂಜ ಬಂದರೆ ಕೊಟ್ಟವರ ಮಾತಿಗೆ ಬೆಲೆ ಉಳಿಯುವುದಿಲ್ಲ.

ಹೀಗಾದಾಗ ಮೊದಲು ದೂರು ಹೋಗುವುದು ಇನ್‌ಕ್ಯುಬೇಟರ್‌ನ ಶಾಖದ ಮೇಲೆ. ಇಲ್ಲವೇ ಮೊಟ್ಟೆಯ ಆಕಾರದ ಮೇಲೆ: ಚೂಪು ಮೊಟ್ಟೆ ಇಟ್ಟಿದ್ದಕ್ಕೆ ಹುಂಜ ಹೆಚ್ಚಾದವು ಎನ್ನುವವರು ಈಗಲೂ ಇದ್ದಾರೆ. ಎರಡೂ ಕಾರಣವಲ್ಲ. ಶಾಖ ಹೆಚ್ಚು ಕಡಿಮೆಯಾದರೆ ಮರಿ ಸಾಯಬಹುದು, ಕಾಲು ಸೊಟ್ಟಗಾಗಬಹುದು, ಒಂದೆರಡು ದಿನ ತಡವಾಗಬಹುದು. ಹೆಣ್ಣು ಗಂಡಾಗುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ಕೋಳಿಯಲ್ಲಿ ಲಿಂಗ ತಾಯಿಯ ದೇಹದೊಳಗೆ, ಮೊಟ್ಟೆಗೆ ಚಿಪ್ಪು ಕಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ದೋಷ ಹುಡುಕಬೇಕಾದದ್ದು ಮರಿಯಲ್ಲೂ ಅಲ್ಲ, ಪೆಟ್ಟಿಗೆಯಲ್ಲೂ ಅಲ್ಲ, ತಂದೆ–ತಾಯಿಯಲ್ಲಿ.

ಲೆಕ್ಕ ನಡೆಯುವ ಬಗೆ

ಕೋಳಿಗೆ 39 ಜೊತೆ ವರ್ಣತಂತುಗಳು. ಒಂದು ಜೊತೆ ಲಿಂಗ ನಿರ್ಧರಿಸುವಂಥದ್ದು. ಮನುಷ್ಯರಲ್ಲಿ ಗಂಡಿಗೆ ಎಕ್ಸ್ ಮತ್ತು ವೈ, ಹೆಣ್ಣಿಗೆ ಎರಡು ಎಕ್ಸ್ ಎಂದು ಶಾಲೆಯಲ್ಲಿ ಓದಿದ್ದೇವೆ. ಹಕ್ಕಿಗಳಲ್ಲಿ ಇದು ತಿರುವುಮುರುವು. ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದು ಝಡ್ ಮತ್ತು ಒಂದು ಡಬ್ಲ್ಯು. ಮರಿ ಹೆಣ್ಣಾಗಬೇಕಾದರೆ ತಾಯಿಯಿಂದ ಡಬ್ಲ್ಯು ಬರಬೇಕು, ಗಂಡಾಗಬೇಕಾದರೆ ತಾಯಿಯ ಝಡ್ ಬರಬೇಕು. ತಂದೆಯಿಂದ ಎಲ್ಲ ಮರಿಗಳಿಗೂ ಒಂದೊಂದು ಝಡ್ ಸಿಕ್ಕೇ ಸಿಗುತ್ತದೆ.

ಇದರಿಂದ ಹೊರಡುವ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ. ಹೇಂಟೆ ತನ್ನ ಝಡ್ ಮೇಲಿರುವುದನ್ನು ಗಂಡುಮಕ್ಕಳಿಗೆ ಮಾತ್ರ ಕೊಡುತ್ತದೆ. ಹೆಣ್ಣುಮರಿಗೆ ಝಡ್ ಬರುವುದು ತಂದೆಯಿಂದ ಮಾತ್ರ. ಹಾಗಾಗಿ ತಾಯಿಯ ಝಡ್ ಮೇಲೆ ಎದ್ದು ಕಾಣುವ, ಪ್ರಬಲವಾದ ಗುಣವೊಂದು ಇದ್ದು, ತಂದೆಯ ಎರಡೂ ಝಡ್‌ಗಳಲ್ಲಿ ಅದು ಇಲ್ಲದಿದ್ದರೆ, ಆ ಗುಣ ಎಲ್ಲ ಗಂಡುಮರಿಗಳಲ್ಲಿ ಕಾಣುತ್ತದೆ, ಒಂದು ಹೆಣ್ಣುಮರಿಯಲ್ಲೂ ಕಾಣುವುದಿಲ್ಲ. ಬಣ್ಣ ನೋಡಿ ಲಿಂಗ ಹೇಳುವ ವಿದ್ಯೆಯ ತಳಪಾಯವೇ ಇದು.

ಝಡ್ ಮೇಲೆ ಕುಳಿತಿರುವ, ನಮಗೆ ಬೇಕಾದ ಗುಣಗಳು ಕೆಲವೇ. ಪುಕ್ಕಕ್ಕೆ ಅಡ್ಡಪಟ್ಟೆ ಹಾಕುವ ಜೀನ್. ಬೆಳ್ಳಿ–ಹೊನ್ನಿನ ಜೀನ್, ಅಂದರೆ ಪುಕ್ಕದ ಕೆಂಪು–ಹಳದಿ ಬಣ್ಣವನ್ನು ಬಿಳಿಚಿಸುವಂಥದ್ದು. ಇದರಲ್ಲಿ ಬೆಳ್ಳಿ ಪ್ರಬಲ, ಹೊನ್ನು ಅಡಗುವಂಥದ್ದು. ರೆಕ್ಕೆಗರಿ ನಿಧಾನವಾಗಿ ಬೆಳೆಯುವಂತೆ ಮಾಡುವ ಜೀನ್. ಚರ್ಮ ಮತ್ತು ಕಾಲಿನ ಒಳಪದರದ ಕಪ್ಪನ್ನು ತಡೆಯುವ ಜೀನ್. ಮೈಯೆಲ್ಲ ಕಪ್ಪಾಗಿಸುವ ಜೀನ್, ಲೆಗ್‌ಹಾರ್ನ್‌ನ ಬಿಳುಪು, ಬೂದುನೀಲಿ ಬಣ್ಣ, ಬೋಳು ಕತ್ತು ಇವ್ಯಾವುವೂ ಝಡ್ ಮೇಲಿಲ್ಲ. ಅವು ಹೆಣ್ಣು–ಗಂಡು ಇಬ್ಬರಿಗೂ ಒಂದೇ ರೀತಿ ಹಂಚಿಕೆಯಾಗುತ್ತವೆ. ಕಪ್ಪು ಹುಂಜಕ್ಕೆ ಬಿಳಿ ಹೇಂಟೆ ಬಿಟ್ಟರೆ ಹೆಣ್ಣೆಲ್ಲ ಕಪ್ಪು, ಗಂಡೆಲ್ಲ ಬಿಳಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪಟ್ಟೆ ಗುಣ ಹೀಗೆ ಲಿಂಗದ ಜೊತೆ ಸಾಗುತ್ತದೆ ಎಂದು 1908ರಲ್ಲೇ ಅಮೆರಿಕದ ವಿಜ್ಞಾನಿ ಸ್ಪಿಲ್‌ಮನ್ ವಿವರಿಸಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಆಹಾರಕ್ಕೆ ತತ್ವಾರ ಬಂದಾಗ, ಬೇಡದ ಹುಂಜಮರಿಗಳಿಗೆ ಕಾಳು ಹಾಕುವುದನ್ನು ತಪ್ಪಿಸಲು ಈ ಜ್ಞಾನವನ್ನು ಬಳಕೆಗೆ ತರಬಹುದು ಎಂದು ಕೇಂಬ್ರಿಜ್‌ನ ತಳಿವಿಜ್ಞಾನಿ ಪನೆಟ್ ಸೂಚಿಸಿದರು. ಇವತ್ತು ಜಗತ್ತಿನಾದ್ಯಂತ ಕಂದು ಮೊಟ್ಟೆ ಕೊಡುವ ಐಸಾ ಬ್ರೌನ್, ಹೈಲೈನ್ ಬ್ರೌನ್, ಲೋಮನ್ ಬ್ರೌನ್ ಕೋಳಿಗಳ ಹೆಣ್ಣುಮರಿ ಕಂದಾಗಿ, ಗಂಡುಮರಿ ತಿಳಿಹಳದಿಯಾಗಿ ಹುಟ್ಟುವುದು ಇದೇ ಬೆಳ್ಳಿ–ಹೊನ್ನಿನ ಲೆಕ್ಕದಿಂದ.

ಉದಾಹರಣೆಗೆ ಒಂದು ಜೋಡಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ರೋಡ್ ಐಲೆಂಡ್ ರೆಡ್ ಹುಂಜ, ಬಾರ್ಡ್ ಪ್ಲಿಮತ್ ರಾಕ್ ಹೇಂಟೆ. ತಾಯಿ ಪಟ್ಟೆಯದು, ತಂದೆ ಪಟ್ಟೆ ಇಲ್ಲದ ಕೆಂಪು. ಮರಿಗಳೆಲ್ಲ ಕಪ್ಪು ತುಪ್ಪುಳದಲ್ಲಿ ಬರುತ್ತವೆ, ಏಕೆಂದರೆ ತಾಯಿಯ ಕಪ್ಪು ಪ್ರಬಲ ಮತ್ತು ಎಲ್ಲರಿಗೂ ಹಂಚಿಕೆಯಾಗುವಂಥದ್ದು. ಗಂಡುಮರಿಯ ತಲೆಯ ಹಿಂಭಾಗದಲ್ಲಿ ಬಿಳಿ ಚುಕ್ಕೆ ಇರುತ್ತದೆ, ಬೆಳೆದ ಮೇಲೆ ಮೈಮೇಲೆ ಪಟ್ಟೆ ಮೂಡುತ್ತದೆ. ಹೆಣ್ಣುಮರಿಗೆ ತಲೆ ಕಪ್ಪು, ಬೆಳೆದರೂ ಪಟ್ಟೆ ಇಲ್ಲ, ಕತ್ತು–ಎದೆಯ ಮೇಲೆ ಸ್ವಲ್ಪ ಹೊನ್ನು ಬಣ್ಣ ಇಣುಕುತ್ತದೆ. ಈಗ ಒಂದೊಂದೇ ದೂರಿಗೆ ಬರೋಣ.

ಮರಿಗಳೆಲ್ಲ ಒಂದೇ ಬಗೆಯಾಗಿ ಬಂದಿವೆ

ಎಲ್ಲ ಮರಿಗೂ ತಲೆಯ ಮೇಲೆ ಚುಕ್ಕೆ ಇದ್ದರೆ ಜೋಡಿ ತಿರುಗಿಹೋಗಿದೆ ಎಂದರ್ಥ. ಪಟ್ಟೆಯ ಹುಂಜವನ್ನು ಕೆಂಪು ಹೇಂಟೆಗೆ ಬಿಟ್ಟಿದ್ದೀರಿ. ಅಪ್ಪಟ ಪಟ್ಟೆಯ ಹುಂಜಕ್ಕೆ ಎರಡೂ ಝಡ್ ಮೇಲೆ ಪಟ್ಟೆ ಇರುವುದರಿಂದ ಮಗನಿಗೂ ಮಗಳಿಗೂ ಒಂದೊಂದು ಸಿಗುತ್ತದೆ. ಹಾಗೆಯೇ ಬೆಳ್ಳಿ ಹುಂಜ, ಹೊನ್ನು ಹೇಂಟೆ ಆದರೆ ಮರಿಗಳೆಲ್ಲ ಬೆಳ್ಳಿ. ಈ ತಪ್ಪೇ ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ಎರಡು ತಳಿ ಸೇರಿದರೆ ಸಾಕು, ಯಾವುದು ತಂದೆ ಯಾವುದು ತಾಯಿ ಎಂಬುದು ಮುಖ್ಯವಲ್ಲ ಎಂದು ಬಹಳ ಜನ ತಿಳಿದಿರುತ್ತಾರೆ. ಇಲ್ಲಿ ಅದೇ ಮುಖ್ಯ. ಎದ್ದು ಕಾಣುವ ಗುಣ ತಾಯಿಯ ಮೈಮೇಲಿರಬೇಕು, ಅಡಗುವ ಗುಣ ತಂದೆಯ ಮೈಮೇಲಿರಬೇಕು.

ಆದರೆ ಈ ತಿರುಗಿದ ಜೋಡಿ ಪೂರ್ತಿ ನಷ್ಟವಲ್ಲ. ಪಟ್ಟೆ ಹುಂಜ ಮತ್ತು ಕಪ್ಪು ಹೇಂಟೆಗೆ ಹುಟ್ಟಿದ ಹೆಣ್ಣುಮರಿಗಳಿಗೆಲ್ಲ ಪಟ್ಟೆ ಇರುತ್ತದಲ್ಲ, ಅವನ್ನು ಸಾಕಿ ಮುಂದಿನ ಸುತ್ತಿಗೆ ತಾಯಿಯಾಗಿ ಇಟ್ಟುಕೊಳ್ಳಿ. ಅವುಗಳಿಗೆ ಪಟ್ಟೆ ಇಲ್ಲದ ಕೆಂಪು ಅಥವಾ ಕಪ್ಪು ಹುಂಜ ಬಿಟ್ಟರೆ ಲೆಕ್ಕ ಸರಿಯಾಗಿ ಕೂರುತ್ತದೆ. ಪಟ್ಟೆಯ ಹೇಂಟೆ ಸಿಗುವುದಿಲ್ಲ, ಒಂದು ಹುಂಜ ಮಾತ್ರ ಸಿಕ್ಕಿದೆ ಎನ್ನುವವರಿಗೆ ಇದು ಒಳ್ಳೆಯ ದಾರಿ. ನಾಟಿ ಕಪ್ಪು ಹೇಂಟೆಗಳಿಂದಲೂ ಹೀಗೆ ಪಟ್ಟೆಯ ತಾಯಿಕೋಳಿ ಕಟ್ಟಬಹುದು.

ಎಲ್ಲ ಮರಿಯೂ ತಿಳಿಹಳದಿ ಅಥವಾ ಬಿಳಿಯಾಗಿ, ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆಯೊಂದಿಗೆ ಬಂದರೆ ದೋಷ ಬೇರೆ. ಅದಕ್ಕೆ ಬಿಳಿಯ ಮುಸುಕು ಕಾರಣ.

ಮುಸುಕು ಹಾಕುವ ಬಣ್ಣಗಳು

ನಮ್ಮಲ್ಲಿ ಅತಿ ಸುಲಭವಾಗಿ ಸಿಗುವ ಬಿಳಿ ಹೇಂಟೆ ವೈಟ್ ಲೆಗ್‌ಹಾರ್ನ್. ಬೆಳ್ಳಿ ತಾಯಿ ಬೇಕು ಎಂದಾಗ ಜನ ಅದನ್ನೇ ತಂದು ಕೆಂಪು ಹುಂಜಕ್ಕೆ ಬಿಡುತ್ತಾರೆ. ಲೆಗ್‌ಹಾರ್ನ್ ಬಿಳಿಯಾಗಿರುವುದು ಬೆಳ್ಳಿ ಜೀನಿನಿಂದಲ್ಲ. ಕಪ್ಪನ್ನು ಅಳಿಸಿಹಾಕುವ ಇನ್ನೊಂದು ಪ್ರಬಲ ಜೀನಿನಿಂದ. ಹಳೆ ಗೋಡೆಯ ಚಿತ್ತಾರದ ಮೇಲೆ ಸುಣ್ಣ ಬಳಿದಂತೆ, ಕೆಳಗೆ ಪಟ್ಟೆ ಇದೆಯೋ ಕಪ್ಪು ಇದೆಯೋ ಬೆಳ್ಳಿ ಇದೆಯೋ ಒಂದೂ ಗೊತ್ತಾಗದಂತೆ ಅದು ಮುಚ್ಚಿಬಿಡುತ್ತದೆ. ಅದು ಝಡ್ ಮೇಲಿಲ್ಲ, ಪ್ರಬಲ ಬೇರೆ. ಆದ್ದರಿಂದ ಮಗ–ಮಗಳು ಇಬ್ಬರಿಗೂ ಸುಣ್ಣ ಬಿದ್ದೇ ಬೀಳುತ್ತದೆ. ಮೊಟ್ಟೆಯ ದೃಷ್ಟಿಯಿಂದ ಆ ಜೋಡಿ ಒಳ್ಳೆಯದೇ ಇರಬಹುದು, ಬಣ್ಣದಿಂದ ವಿಂಗಡಿಸಲು ಮಾತ್ರ ಬಾರದು.

ಬಿಳಿಯಲ್ಲಿ ಇನ್ನೊಂದು ಬಗೆಯಿದೆ: ಅಡಗುವ ಬಿಳುಪು. ವೈಟ್ ಪ್ಲಿಮತ್ ರಾಕ್‌ನದು ಸಾಮಾನ್ಯವಾಗಿ ಇದು. ಬಣ್ಣದ ಹುಂಜಕ್ಕೆ ಬಿಟ್ಟಾಗ ಮೊದಲ ತಲೆಮಾರಿನಲ್ಲೇ ಈ ಬಿಳುಪು ಮರೆಯಾಗಿ ಕೆಳಗಿದ್ದದ್ದು ಹೊರಗೆ ಬರುತ್ತದೆ. ಕೆಳಗೆ ಬೆಳ್ಳಿ ಇದ್ದು ಕಪ್ಪು ಇಲ್ಲದಿದ್ದರೆ ನಿಮ್ಮ ಅದೃಷ್ಟ: ಹೆಣ್ಣು ಕೆಂಪು, ಗಂಡು ತಿಳಿಹಳದಿ. ಕೆಳಗೆ ಕಪ್ಪು ಮತ್ತು ಪಟ್ಟೆ ಇದ್ದರೆ ಕಪ್ಪು ಮರಿಗಳು ಬರುತ್ತವೆ, ತಲೆಯ ಚುಕ್ಕೆ ನೋಡಿ ಹೇಳಬೇಕಾಗುತ್ತದೆ. ಹಾಗಾಗಿ ಬಿಳಿ ಹೇಂಟೆಯ ವಿಷಯದಲ್ಲಿ ಒಂದು ಸುತ್ತು ಮರಿ ತೆಗೆದು ನೋಡದೆ ಯಾರಿಗೂ ಮಾತು ಕೊಡಬೇಡಿ. ಲೈಟ್ ಸಸೆಕ್ಸ್, ಡೆಲವೇರ್, ಸಿಲ್ವರ್ ಲೇಸ್ಡ್ ವಯಂಡಾಟ್ ಇಂಥ ತಳಿಗಳಲ್ಲಿ ಬೆಳ್ಳಿ ಮುಸುಕಿಲ್ಲದೆ ಕಣ್ಣಿಗೇ ಕಾಣುವುದರಿಂದ ಈ ಅನುಮಾನ ಬರುವುದಿಲ್ಲ.

ಕಪ್ಪು ಕೂಡ ಮುಸುಕೇ. ಮೈಯೆಲ್ಲ ಕಪ್ಪಾಗಿಸುವ ಜೀನ್ ಇದ್ದಾಗ ಬೆಳ್ಳಿಯೋ ಹೊನ್ನೋ ಮರಿಯ ತುಪ್ಪುಳದಲ್ಲಿ ಕಾಣದು. ಆದ್ದರಿಂದ ಬೆಳ್ಳಿ–ಹೊನ್ನಿನ ವಿಂಗಡಣೆಗೆ ಆಸ್ಟ್ರಲಾರ್ಪ್‌ನಂಥ ಕಪ್ಪು ಕೋಳಿ ಎರಡೂ ಕಡೆ ಬೇಡ. ಪಟ್ಟೆಯ ವಿಂಗಡಣೆಗೆ ಮಾತ್ರ ಅದೇ ಕಪ್ಪು ನೆಲ ಬೇಕೇ ಬೇಕು. ಬಿಳಿ ಚುಕ್ಕೆ ಕಾಣಬೇಕಾದರೆ ತುಪ್ಪುಳ ಕಪ್ಪಿರಬೇಕು. ಆಸ್ಟ್ರಲಾರ್ಪ್ ಹುಂಜಕ್ಕೆ ಬಾರ್ಡ್ ರಾಕ್ ಹೇಂಟೆ ಒಳ್ಳೆಯ ಜೋಡಿ. ತಿಳಿಹಳದಿ ತುಪ್ಪುಳದ ಮರಿಯ ತಲೆಯ ಮೇಲೆ ಚುಕ್ಕೆ ಹುಡುಕಿದರೆ ಸಿಗುವುದಿಲ್ಲ, ಸಿಕ್ಕಿದ್ದನ್ನು ನಂಬಲೂ ಆಗುವುದಿಲ್ಲ.

ಎರಡು ಬಣ್ಣ ಬಂದಿವೆ, ಆದರೆ ಎರಡರಲ್ಲೂ ಹುಂಜ–ಹೇಂಟೆ ಬೆರೆತಿವೆ

ಇದಕ್ಕೆ ಕಾರಣ ಬಹುಪಾಲು ಒಂದೇ: ನೀವು ತಂದೆ–ತಾಯಿಯಾಗಿ ಬಳಸಿದ್ದು ಮೊದಲ ತಲೆಮಾರಿನ ಮಿಶ್ರ ಮರಿಗಳನ್ನು. ಕೆಂಪು ಹುಂಜ–ಪಟ್ಟೆ ಹೇಂಟೆಗೆ ಹುಟ್ಟಿದ ಕಪ್ಪು ಹೇಂಟೆ ಚೆನ್ನಾಗಿ ಮೊಟ್ಟೆಯಿಟ್ಟಿತೆಂದು ಅದರ ಅಣ್ಣತಮ್ಮಂದಿರಲ್ಲೇ ಒಂದು ಪಟ್ಟೆ ಹುಂಜವನ್ನು ಬಿಟ್ಟು ಮರಿ ಮಾಡಿಸಿದರೆ ಏನಾಗುತ್ತದೆ ನೋಡಿ. ಆ ಹುಂಜಕ್ಕೆ ಒಂದು ಝಡ್ ಮೇಲೆ ಪಟ್ಟೆ, ಇನ್ನೊಂದರ ಮೇಲೆ ಇಲ್ಲ. ಹೇಂಟೆಯ ಝಡ್ ಮೇಲೆ ಪಟ್ಟೆಯೇ ಇಲ್ಲ. ಗಂಡುಮರಿಗಳಲ್ಲಿ ಅರ್ಧಕ್ಕೆ ಪಟ್ಟೆ, ಅರ್ಧಕ್ಕಿಲ್ಲ, ಹೆಣ್ಣುಮರಿಗಳಲ್ಲೂ ಹಾಗೆಯೇ. ಬಣ್ಣ ಕಾಣುತ್ತದೆ, ಅದಕ್ಕೂ ಲಿಂಗಕ್ಕೂ ಇದ್ದ ನಂಟು ಕಡಿದುಹೋಗಿದೆ. ಬಣ್ಣದಿಂದ ವಿಂಗಡಿಸುವ ಮಿಶ್ರತಳಿ ಒಂದೇ ತಲೆಮಾರಿಗೆ. ಮೇಲೆ ಹೇಳಿದಂತೆ ಕಟ್ಟಿದ ಪಟ್ಟೆಯ ತಾಯಿಕೋಳಿಗಳನ್ನು ಬಿಟ್ಟರೆ, ಪ್ರತಿ ಸಲವೂ ಮೂಲ ತಳಿಯ ಹುಂಜಕ್ಕೆ ಮೂಲ ತಳಿಯ ಹೇಂಟೆಯನ್ನೇ ಸೇರಿಸಬೇಕು.

ಗಿರಿರಾಜ, ಸ್ವರ್ಣಧಾರಾ, ಕಾವೇರಿ, ವನರಾಜದಂಥ ಹಿತ್ತಲ ಕೋಳಿಗಳ ಬಗ್ಗೆಯೂ ಇದೇ ಎಚ್ಚರಿಕೆ. ಅವು ಹಳ್ಳಿಯ ಅಂಗಳಕ್ಕೆ, ತೂಕಕ್ಕೆ, ಮೊಟ್ಟೆಗೆ ಎಂದು ಕಟ್ಟಿದ ತಳಿಗಳು. ಅವನ್ನು ಮನೆಯಲ್ಲಿ ತಮ್ಮತಮ್ಮಲ್ಲೇ ಬೆರೆಸಿ ತೆಗೆದ ಮರಿಗಳ ಬಣ್ಣದಲ್ಲಿ ಹುಂಜ–ಹೇಂಟೆಯ ಗುಟ್ಟು ಹುಡುಕಬಾರದು.

ಇಲ್ಲಿ ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ, ನನ್ನ ಲೆಕ್ಕದಲ್ಲಿ ಇದು ಬಹಳ ಸಮಯ ಉಳಿಸುತ್ತದೆ. ಝಡ್ ಮೇಲಿನ ಗುಣವನ್ನು ಹೇಂಟೆ ಗುಟ್ಟಾಗಿ ಹೊತ್ತಿರಲು ಸಾಧ್ಯವಿಲ್ಲ. ಅದಕ್ಕಿರುವುದು ಒಂದೇ ಝಡ್. ಅದರಲ್ಲಿ ಏನಿದೆಯೋ ಅದೇ ಮೈಮೇಲೆ ಕಾಣಬೇಕು, ಮುಸುಕು ಇಲ್ಲದಿದ್ದರೆ. ಹುಂಜ ಮಾತ್ರ ಒಂದನ್ನು ತೋರಿಸಿ ಇನ್ನೊಂದನ್ನು ಅಡಗಿಸಿಟ್ಟುಕೊಳ್ಳಬಲ್ಲದು. ಆದರೂ ನಮ್ಮ ಜೋಡಿಯಲ್ಲಿ ತಂದೆ ತೋರಿಸಬೇಕಾದದ್ದು ಅಡಗುವ ಗುಣವನ್ನೇ. ಕೆಂಪು ಹುಂಜ ಮುಸುಕಿಲ್ಲದೆ ಹೊನ್ನುಗೆಂಪಾಗಿ ಕಾಣುತ್ತಿದೆ ಎಂದರೆ ಅದರ ಎರಡೂ ಝಡ್ ಹೊನ್ನೇ, ಪಟ್ಟೆಯೂ ಇಲ್ಲ. ಹೀಗಾಗಿ ಕೆಂಪು ಹುಂಜವನ್ನು ಅನುಮಾನಿಸುತ್ತಾ ಕೂರಬೇಡಿ. ಬಿಳಿ ಹುಂಜ, ಕಪ್ಪು ಹುಂಜ, ಮಸುಕು ಪಟ್ಟೆಯ ಹುಂಜಗಳನ್ನು ಅನುಮಾನಿಸಿ. ಆಮೇಲೆ ತಾಯಿಗಳ ಗುಂಪಿಗೆ ಹೋಗಿ.

ತಾಯಿಗಳ ಗುಂಪಿನಲ್ಲಿ ಎಲ್ಲವೂ ಪಟ್ಟೆಯವೇ? ಹತ್ತರಲ್ಲಿ ಒಂದು ಪಟ್ಟೆಯಿಲ್ಲದ ಕಪ್ಪು ಹೇಂಟೆ ಸೇರಿಕೊಂಡಿದ್ದರೆ ಅದರ ಗಂಡುಮರಿಗಳು ಚುಕ್ಕೆಯಿಲ್ಲದೆ ಹುಟ್ಟಿ ಹೆಣ್ಣಿನ ಸಾಲಿಗೆ ಸೇರುತ್ತವೆ. ಪಟ್ಟೆ ನಿಜವಾದ ಪಟ್ಟೆಯೇ? ಈಜಿಪ್ಟಿನ ಫಯೂಮಿ, ಯುರೋಪಿನ ಕ್ಯಾಂಪೈನ್ ಕೋಳಿಗಳಲ್ಲೂ ಪುಕ್ಕಕ್ಕೆ ಅಡ್ಡಗೆರೆಗಳಿವೆ, ಆದರೆ ಅದು ಝಡ್ ಮೇಲಿನ ಪಟ್ಟೆಯಲ್ಲ. ನಾಟಿಯಲ್ಲಿ ಕಾಣುವ ಬಿಳಿ ಚುಕ್ಕೆಯ ಪುಕ್ಕವೂ ಪಟ್ಟೆಯಲ್ಲ. ನಿಜವಾದ ಪಟ್ಟೆಯಲ್ಲಿ ಒಂದೇ ಗರಿಯ ಮೇಲೆ ಕಪ್ಪು–ಬಿಳಿ ಅಡ್ಡಪಟ್ಟೆಗಳು ಒಂದರ ನಂತರ ಒಂದು ಬರುತ್ತವೆ. ಹುಂಜಕ್ಕೆ ಎರಡು ಪಾಲು, ಅಂದರೆ ಎರಡೂ ಝಡ್ ಮೇಲೆ ಪಟ್ಟೆ, ಇದ್ದರೆ ಬಿಳಿ ಹೆಚ್ಚಾಗಿ ಮೈ ತಿಳಿಯಾಗಿ ಕಾಣುತ್ತದೆ, ಹೇಂಟೆ ಗಾಢವಾಗಿರುತ್ತದೆ. ಒಂದು ಗರಿ ಕಿತ್ತು ಬಿಳಿ ಹಾಳೆಯ ಮೇಲಿಟ್ಟು ನೋಡಿ.

ಪಟ್ಟೆ ಸರಿಯಾಗಿದ್ದೂ ಮರಿಗಳಲ್ಲಿ ಕೆಲವು ಕೆಂಪು–ಹಳದಿಯಾಗಿ ಬಂದರೆ, ಆ ತಾಯಿಗೆ ಕಪ್ಪಿನ ಜೀನ್ ಒಂದೇ ಪಾಲು ಇದೆ. ಮೇಲೆ ಹೇಳಿದಂತೆ ಕಟ್ಟಿದ ಮಿಶ್ರ ಪಟ್ಟೆ ಹೇಂಟೆಗಳಲ್ಲಿ ಇದು ಸಹಜ. ಕಪ್ಪಾಗಿ ಹುಟ್ಟಿದವನ್ನು ಮಾತ್ರ ಚುಕ್ಕೆ ನೋಡಿ ವಿಂಗಡಿಸಿ, ಉಳಿದವನ್ನು ಬೆಳೆಯಲು ಬಿಡಿ.

ನೂರಕ್ಕೆ ನಾಲ್ಕೈದು ಮರಿ ಮಾತ್ರ ಎಡವಟ್ಟು

ಬಹುಪಾಲು ಸರಿಯಾಗಿ ಬಂದು ಕೆಲವೇ ಕೆಲವು ತಪ್ಪಿದರೆ ತಳಿಯನ್ನು ದೂರಬೇಡಿ, ಆ ಮೊಟ್ಟೆಗಳ ತಂದೆ ಬೇರೆ. ಹೇಂಟೆ ಒಮ್ಮೆ ಹುಂಜವನ್ನು ಕೂಡಿದ ಮೇಲೆ ಅದರ ವೀರ್ಯವನ್ನು ಮೈಯೊಳಗೆ ಎರಡು–ಮೂರು ವಾರ ಜೀವಂತವಾಗಿ ಇಟ್ಟುಕೊಳ್ಳಬಲ್ಲದು. ಹಳೆ ಹುಂಜವನ್ನು ಸೋಮವಾರ ಮಾರಿ, ಹೊಸ ಹುಂಜವನ್ನು ಮಂಗಳವಾರ ಬಿಟ್ಟು, ಮುಂದಿನ ವಾರದ ಮೊಟ್ಟೆ ಕಾವಿಗಿಟ್ಟರೆ ಅದರಲ್ಲಿ ಹಳೆಯವನ ಮಕ್ಕಳೂ ಇರುತ್ತವೆ. ಹುಂಜ ಬದಲಿಸಿದ ಮೇಲೆ ಮೂರು ವಾರದ ಮೊಟ್ಟೆಯನ್ನು ಅಡುಗೆಗೆ ಬಳಸಿ, ಆಮೇಲಿನದನ್ನು ಮಾತ್ರ ಕಾವಿಗೆ ಇಡಿ.

ಹೊರಗೆ ಮೇಯುವ ಕೋಳಿಗಳಿಗೆ ಪಕ್ಕದ ಮನೆಯ ಹುಂಜ ಬೇಲಿ ಹಾರಿ ಬರುವುದು ಹೊಸತೇನಲ್ಲ. ಕಾವು ಕೂತ ಹೇಂಟೆಯ ಬುಟ್ಟಿಗೆ ಇನ್ನೊಂದು ಹೇಂಟೆ ನುಗ್ಗಿ ಮೊಟ್ಟೆಯಿಟ್ಟು ಹೋಗುವುದೂ ಹಾಗೆಯೇ. ಕಾವಿಗಿಟ್ಟ ಮೊಟ್ಟೆಗೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿದರೆ ಗುರುತಿಲ್ಲದ್ದನ್ನು ಮರುದಿನವೇ ತೆಗೆದುಬಿಡಬಹುದು.

ತಳಿ ಸರಿ, ನೋಡಿದ್ದು ತಪ್ಪು

ಒದ್ದೆ ಮರಿ ಎಲ್ಲವೂ ಕಡುಬಣ್ಣ. ತುಪ್ಪುಳ ಪೂರ್ತಿ ಒಣಗಿ ಉಬ್ಬಿದ ಮೇಲೆ, ಮೊದಲ ಒಂದೆರಡು ದಿನದೊಳಗೆ, ಹಗಲು ಬೆಳಕಿನಲ್ಲಿ ನೋಡಬೇಕು. ಮರಿಗಳಿಗೆ ಶಾಖ ಕೊಡುವ ಬ್ರೂಡರಿನ ಹಳದಿ ಬಲ್ಬಿನ ಕೆಳಗೆ ತಿಳಿಹಳದಿ ಮರಿಯೂ ಕೆಂಪಾಗಿ ಕಾಣುತ್ತದೆ. ಕಪ್ಪು ಮರಿಗಳಿಗೆ ಹೊಟ್ಟೆ, ಗಂಟಲು, ರೆಕ್ಕೆಯ ತುದಿಯಲ್ಲಿ ಬಿಳಿ ಇರುವುದು ಸಾಮಾನ್ಯ, ಹೆಣ್ಣಿಗೂ ಇರುತ್ತದೆ. ಲೆಕ್ಕಕ್ಕೆ ಬರುವುದು ನೆತ್ತಿಯ ಹಿಂಭಾಗದ ಚುಕ್ಕೆ ಮಾತ್ರ. ಗಂಡುಮರಿಗೆ ಒಂದೇ ಪಾಲು ಪಟ್ಟೆ ಇರುವುದರಿಂದ ಕೆಲವಕ್ಕೆ ಚುಕ್ಕೆ ನಾಲ್ಕೇ ನಾಲ್ಕು ಬಿಳಿ ಎಳೆಯಷ್ಟು ಚಿಕ್ಕದಿರಬಹುದು. ತುಪ್ಪುಳವನ್ನು ಬೆರಳಿನಿಂದ ಹಿಂದಕ್ಕೆ ಸವರಿ ನೋಡಿ. ಜುಟ್ಟುಗೂದಲಿನ ತಳಿಗಳಲ್ಲಿ ಇದು ಕಷ್ಟ.

ಅಪ್ಪಟ ಬಾರ್ಡ್ ರಾಕ್ ಮರಿಗಳನ್ನು ಇದೇ ರೀತಿ ನೋಡಲು ಹೋಗಿ ತಪ್ಪುವವರೂ ಇದ್ದಾರೆ. ಅಲ್ಲಿ ಹೆಣ್ಣು–ಗಂಡು ಎರಡಕ್ಕೂ ಚುಕ್ಕೆ ಇರುತ್ತದೆ. ಗಂಡಿನದು ದೊಡ್ಡದಾಗಿ ಚೆದುರಿದಂತೆ, ಹೆಣ್ಣಿನದು ಚಿಕ್ಕದಾಗಿ ಒತ್ತಾಗಿ ಇರುತ್ತದೆ. ಅಂದಾಜಿಗೆ ಆದೀತು, ಖಾತರಿಗೆ ಆಗದು. ಒಂದು ಪಾಲು–ಎರಡು ಪಾಲಿನ ಈ ವ್ಯತ್ಯಾಸವನ್ನು ನಿಚ್ಚಳವಾಗಿಸಲೆಂದೇ ಪನೆಟ್ ಮತ್ತು ಮೈಕಲ್ ಪೀಸ್ ಪಟ್ಟೆ ಜೀನನ್ನು ಕಂದು ಗೆರೆಯ ಮರಿಗಳ ತಳಿಗೆ ಸೇರಿಸಿ ಕ್ಯಾಂಬಾರ್, ಆಮೇಲೆ ಲೆಗ್‌ಬಾರ್ ಕಟ್ಟಿದ್ದು. ಅವು ತಲೆಮಾರಿನಿಂದ ತಲೆಮಾರಿಗೆ ತಮ್ಮಲ್ಲೇ ಬೆರೆತರೂ ಮರಿಯಲ್ಲೇ ಲಿಂಗ ಕಾಣುತ್ತದೆ. ಮಿಶ್ರತಳಿಯ ವಿದ್ಯೆ ಬೇರೆ, ಈ ತಳಿಗಳ ವಿದ್ಯೆ ಬೇರೆ. ಎರಡನ್ನೂ ಒಂದೇ ಎಂದುಕೊಂಡಾಗಲೇ ಅರ್ಧ ಗೊಂದಲ ಹುಟ್ಟುತ್ತದೆ.

ರೆಕ್ಕೆ ಬಿಡಿಸಿ ನೋಡುವ ಕ್ರಮ ಮೊಬೈಲಿನಲ್ಲಿ ಬಹಳ ಓಡಾಡುತ್ತಿದೆ. ಗರಿ ಎರಡು ಸಾಲು ಉದ್ದ–ಗಿಡ್ಡ ಇದ್ದರೆ ಹೇಂಟೆ, ಸಮ ಇದ್ದರೆ ಹುಂಜ ಎನ್ನುತ್ತಾರೆ. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನಿಧಾನ ಗರಿಯ ಗುಣ ತಾಯಿಯಲ್ಲಿದ್ದು, ಬೇಗ ಗರಿ ಬರುವ ಗುಣ ತಂದೆಯಲ್ಲಿದ್ದಾಗ ಮಾತ್ರ ಇದು ಸರಿ. ಹ್ಯಾಚರಿಗಳು ತಂದೆ–ತಾಯಿ ಸಾಲುಗಳನ್ನು ಹಾಗೆ ಹೊಂದಿಸಿಕೊಂಡಿರುತ್ತವೆ. ನಾಟಿ ಮರಿಯ ರೆಕ್ಕೆ ಬಿಡಿಸಿ ಹೇಳಿದ್ದು ನಾಣ್ಯ ಚಿಮ್ಮಿದಷ್ಟೇ ನಿಜ. ಹೊಂದಿಸಿದ ಜೋಡಿಯಲ್ಲೂ ಮೊದಲ ಒಂದೆರಡು ದಿನ ಕಳೆದರೆ ಗರಿಗಳು ಬೆಳೆದು ವ್ಯತ್ಯಾಸ ಮಸುಕಾಗುತ್ತದೆ.

ಕಡಕ್‌ನಾಥ್ ಬೆರಕೆ: ಹೆಣ್ಣು ಮಾತ್ರ ಕಪ್ಪಾದವು ಏಕೆ

ಕರ್ನಾಟಕದಲ್ಲಿ ಈಚೆಗೆ ಹೆಚ್ಚು ಕೇಳಿಬರುವ ದೂರು ಇದು, ಮತ್ತು ಬಹಳ ಜನ ಮೋಸ ಹೋಗುತ್ತಿರುವುದೂ ಇಲ್ಲಿಯೇ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್‌ಗೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಚರ್ಮ, ಮಾಂಸ, ಮೂಳೆಯ ಪೊರೆ ಎಲ್ಲ ಕಪ್ಪು. ಒಂದು ಹುಂಜ ತಂದು ಮನೆಯ ಹೇಂಟೆಗಳಿಗೆ ಬಿಡುತ್ತಾರೆ. ಬಂದ ಮರಿಗಳಲ್ಲಿ ಕೆಲವು ಕಪ್ಪು ಚರ್ಮದವು, ಕೆಲವು ತಿಳಿ ಚರ್ಮದವು. ಹುಂಜ ಅಪ್ಪಟವಲ್ಲ ಎಂದು ಮಾರಿದವರ ಮೇಲೆ ಜಗಳ.

ಹುಂಜ ಅಪ್ಪಟವೇ ಇರಬಹುದು. ಇಲ್ಲಿ ಎರಡು ಜೀನ್ ಕೆಲಸ ಮಾಡುತ್ತವೆ. ಮೈಯೊಳಗೆಲ್ಲ ಕಪ್ಪು ಹರಡುವ ಜೀನ್ ಒಂದು. ಅದು ಝಡ್ ಮೇಲಿಲ್ಲ, ಪ್ರಬಲ, ಎಲ್ಲ ಮರಿಗೂ ಒಂದು ಪಾಲು ಸಿಗುತ್ತದೆ. ಚರ್ಮದ ಕಪ್ಪನ್ನು ತಡೆಯುವ ಜೀನ್ ಇನ್ನೊಂದು. ಅದು ಝಡ್ ಮೇಲಿದೆ, ಅದೂ ಪ್ರಬಲ. ಕಡಕ್‌ನಾಥ್‌ನಲ್ಲಿ ಈ ತಡೆ ಇಲ್ಲ. ಹಳದಿ ಅಥವಾ ಬಿಳಿ ಕಾಲಿನ ಹೇಂಟೆಯಲ್ಲಿ ತಡೆ ಇದೆ, ಅದನ್ನು ಅದು ಗಂಡುಮರಿಗೆ ಮಾತ್ರ ದಾಟಿಸುತ್ತದೆ. ಆದ್ದರಿಂದ ಗಂಡು ತಿಳಿ, ಹೆಣ್ಣು ಕಪ್ಪು. ಜೋಡಿ ತಿರುಗಿಸಿ, ಕಡಕ್‌ನಾಥ್ ಹೇಂಟೆಗೆ ಹಳದಿ ಕಾಲಿನ ಅಪ್ಪಟ ಹುಂಜ ಬಿಟ್ಟರೆ ಎಲ್ಲವೂ ತಿಳಿ. ಒಳಗೆ ಅಲ್ಲಲ್ಲಿ ಕಪ್ಪು ಛಾಯೆ ಉಳಿದಿರುತ್ತದೆ, ಅಷ್ಟೇ. ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನೆಟ್ ಇದನ್ನೇ ಕಪ್ಪು ಚರ್ಮದ ಸಿಲ್ಕಿ ಕೋಳಿ ಮತ್ತು ಬ್ರೌನ್ ಲೆಗ್‌ಹಾರ್ನ್ ನಡುವೆ ಮಾಡಿ ನೋಡಿ 1911ರಲ್ಲಿ ಬರೆದಿದ್ದಾರೆ.

ಪತ್ತೆ ಮಾಡುವುದು ಹೇಗೆ? ತಾಯಿಯ ಕಾಲು ನೋಡಿ. ಹಳದಿ, ಬಿಳಿ ಕಾಲಾದರೆ ಮೇಲಿನ ಲೆಕ್ಕ. ಬೂದು, ಹಸಿರು, ನೀಲಿಗಪ್ಪು ಕಾಲಾದರೆ ಆ ಹೇಂಟೆಯಲ್ಲೂ ತಡೆ ಇಲ್ಲ. ಅದರ ಮರಿಗಳು ಹುಂಜ–ಹೇಂಟೆ ಭೇದವಿಲ್ಲದೆ ಕಪ್ಪಾಗಿ ಬರುತ್ತವೆ. ನಾಟಿಯಲ್ಲಿ ಇಂಥ ಕಾಲಿನವು ಸಾಕಷ್ಟಿವೆ. ಒಂದೇ ಹಿಂಡಿನಲ್ಲಿ ಎರಡೂ ಬಗೆಯ ಕಾಲಿನ ತಾಯಿಗಳಿದ್ದರೆ ಮರಿಗಳ ಫಲಿತಾಂಶ ಕಲಸುಮೇಲೋಗರವಾಗುವುದು ಅದಕ್ಕೇ. ಹುಟ್ಟಿದ ದಿನ ಕಾಲಿನ ಬಣ್ಣ ಪೂರ್ತಿ ನಿಂತಿರುವುದಿಲ್ಲವಾದ್ದರಿಂದ ಕೆಲವು ವಾರ ಕಾದು ಚರ್ಮ, ಜುಟ್ಟು, ಕಾಲು ಮೂರನ್ನೂ ನೋಡಿ ಹೇಳಿ.

ಈ ಬೆರಕೆಯ ಕಪ್ಪು ಹೇಂಟೆಯನ್ನು ಅಪ್ಪಟ ಕಡಕ್‌ನಾಥ್ ಎಂದು ಮಾರುವುದು ತಪ್ಪು. ನೋಡಲು ಹೋಲುತ್ತದೆ, ಆದರೆ ಕಪ್ಪು ಹರಡುವ ಜೀನ್ ಒಂದೇ ಪಾಲು ಇರುವುದರಿಂದ ಅದು ಮುಂದಿನ ತಲೆಮಾರಿನ ಅರ್ಧಕ್ಕೆ ಮಾತ್ರ ದಾಟುತ್ತದೆ. ಅನುಮಾನ ಬಂದ ಹೇಂಟೆಯನ್ನು ಪರೀಕ್ಷಿಸಲು ಕಡಕ್‌ನಾಥ್ ಹುಂಜ ಬಿಡಬೇಡಿ, ಮರಿಗಳೆಲ್ಲ ಕಪ್ಪಾಗಿ ಬಂದು ಏನೂ ತಿಳಿಯುವುದಿಲ್ಲ. ಕಾಲು ಬೂದುನೀಲಿ, ಚರ್ಮ ಮಾತ್ರ ಬಿಳಿ ಇರುವ ನಾಟಿ ಹುಂಜ ಬಿಡಿ. ಅಪ್ಪಟ ಹೇಂಟೆಯಾದರೆ ಎಲ್ಲ ಮರಿಗೂ ಕಪ್ಪು ಚರ್ಮ, ಬೆರಕೆಯಾದರೆ ಸುಮಾರು ಅರ್ಧಕ್ಕೆ. ಒಂದು ಬಿಳಿ ಚರ್ಮದ ಮರಿ ಬಂದರೂ ತೀರ್ಮಾನವಾಯಿತು. ಏಳು ಮರಿ ಸಾಲಾಗಿ ಕಪ್ಪು ಬಂದರೆ, ಅದು ಬೆರಕೆಯಾಗಿದ್ದೂ ಹಾಗೆ ಬಂದಿರುವ ಸಾಧ್ಯತೆ 128ರಲ್ಲಿ ಒಂದು ಮಾತ್ರ.

ಹುಂಜವೇ ಹೆಚ್ಚು ಬಂದಿವೆ

ಹತ್ತು ಮರಿಯಲ್ಲಿ ಏಳು ಹುಂಜ ಬಂದರೆ ದೋಷವೆಂದು ಎಣಿಸಬೇಡಿ. ಅರ್ಧಕ್ಕರ್ಧ ಸಾಧ್ಯತೆ ಇರುವಲ್ಲೂ ಹತ್ತರಲ್ಲಿ ಏಳು ಅಥವಾ ಹೆಚ್ಚು ಹುಂಜ ಬರುವುದು ಸುಮಾರು ಆರು ಸಲಕ್ಕೊಮ್ಮೆ ಆಗುವ ಸಂಗತಿ. ನೂರಾರು ಮರಿಗಳ ಲೆಕ್ಕದಲ್ಲೂ ಒಂದೇ ಕಡೆ ವಾಲಿದರೆ ಮಾತ್ರ ನೋಡುವ ಕ್ರಮವನ್ನು ಶಂಕಿಸಿ.

ಖಾತರಿ ಮಾಡಿಕೊಳ್ಳುವ ಬಗೆ

ಹೊಸ ಜೋಡಿಯ ಮೊದಲ ಸುತ್ತಿನಲ್ಲಿ ಒಂದು ಮರಿಯನ್ನೂ ಮಾರಬೇಡಿ. ಒಂದೊ ಎರಡೊ ಹುಂಜ, ಗುರುತು ಗೊತ್ತಿರುವ ಹೇಂಟೆಗಳು, ಮುಚ್ಚಿದ ಗೂಡು, ಮೂರು ವಾರದ ಕಾಯುವಿಕೆ, ಪೆನ್ಸಿಲ್ ಗುರುತು. ಹುಟ್ಟಿದ ದಿನ ಬಣ್ಣ ನೋಡಿ ನಿಮ್ಮ ತೀರ್ಪನ್ನು ಹಾಳೆಯಲ್ಲಿ ಬರೆದು, ಮರಿಯ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕಿ. ದಾರ ಕಟ್ಟಬೇಡಿ, ಕಾಲು ದಪ್ಪವಾದಂತೆ ಅದು ಮಾಂಸಕ್ಕೆ ಇಳಿಯುತ್ತದೆ. ಉಂಗುರವನ್ನೂ ವಾರಕ್ಕೊಮ್ಮೆ ನೋಡಿ ದೊಡ್ಡದಕ್ಕೆ ಬದಲಿಸಿ.

ಮೊದಲ ವಾರದಲ್ಲಿ ಸತ್ತ ಮರಿಗಳನ್ನು ಬಿಸಾಡುವ ಮೊದಲು ಹೊಟ್ಟೆ ಸೀಳಿ ನೋಡಿದರೆ ಅಂದೇ ಉತ್ತರ ಸಿಗುತ್ತದೆ. ಕರುಳನ್ನು ಪಕ್ಕಕ್ಕೆ ಸರಿಸಿದರೆ ಬೆನ್ನಿನ ಕಡೆ, ಮೂತ್ರಪಿಂಡದ ತುದಿಯಲ್ಲಿ, ಅಕ್ಕಪಕ್ಕ ಎರಡು ಪುಟ್ಟ ಉದ್ದನೆಯ ಕಾಳಿನಂಥವು ಇದ್ದರೆ ಹುಂಜ. ಎಡಗಡೆ ಮಾತ್ರ ಚಪ್ಪಟೆಯಾದ ಒಂದೇ ಅಂಗ ಇದ್ದರೆ ಹೇಂಟೆ. ಮೊದಲ ಸಲ ಪಶುವೈದ್ಯರಿಂದ ತೋರಿಸಿಕೊಂಡರೆ ಆಮೇಲೆ ನೀವೇ ನೋಡಬಹುದು. ಕೈ ಮತ್ತು ಚಾಕು ತೊಳೆಯುವುದನ್ನು ಮರೆಯಬೇಡಿ. ರೋಗದಿಂದ ಗುಂಪಾಗಿ ಸತ್ತ ಮರಿಗಳನ್ನು ಮನೆಯಲ್ಲಿ ಸೀಳಬೇಡಿ.

ಬದುಕಿದವುಗಳಲ್ಲಿ ಆರೆಂಟು ವಾರಕ್ಕೆ ಜುಟ್ಟಿನ ಗಾತ್ರ ಮತ್ತು ಕೆಂಪು ಸುಳಿವು ಕೊಡುತ್ತದೆ. ಹತ್ತು–ಹದಿನಾಲ್ಕು ವಾರದ ನಡುವೆ ಸೊಂಟದ ಮೇಲಿನ ಪುಕ್ಕ ನೋಡಿ: ಹುಂಜಕ್ಕೆ ಚೂಪಾಗಿ ಹೊಳೆಯುವ ಗರಿ, ಹೇಂಟೆಗೆ ದುಂಡನೆಯ ತುದಿ. ಹಾಳೆಯ ತೀರ್ಪಿಗೂ ಈ ಪುಕ್ಕಕ್ಕೂ ತಾಳೆ ಹಾಕಿ. ತಪ್ಪಿದ ಪ್ರತಿ ಮರಿಯ ಮುಂದೆ ಅದರ ತಾಯಿ ಯಾವುದು ಎಂದು ಬರೆಯಿರಿ. ತಪ್ಪುಗಳೆಲ್ಲ ಒಂದೇ ಹೇಂಟೆಯ ಹೆಸರಿಗೆ ಬಂದರೆ ಅದನ್ನು ಮರಿ ಮಾಡಿಸುವ ಗುಂಪಿನಿಂದ ತೆಗೆದು ಮೊಟ್ಟೆಯ ಗುಂಪಿಗೆ ಸೇರಿಸಿ. ಎಲ್ಲ ಹೇಂಟೆಗಳಿಗೂ ಹಂಚಿಹೋಗಿದ್ದರೆ ಹುಂಜವನ್ನು ಬದಲಿಸಿ ಮತ್ತೆ ಮೂರು ವಾರ ಕಾಯಿರಿ.